ಡೆಂಗಿ ಒಮ್ಮೆ ಬಂದರೆ ಮತ್ತೆ ಬರುವುದಿಲ್ಲವೇ?

ಪ್ರಶ್ನೆ: ಹೋದ ಮಳೆಗಾಲದಲ್ಲಿ ನನ್ನ ಹನ್ನೊಂದು ವರ್ಷದ ಮಗನಿಗೆ ಡೆಂಗಿ ಬಂದು ವಾಸಿಯಾಯಿತು. ಸೀತಾಳೆ ಸಿಡುಬಿನ ಹಾಗೆ ಇದೂ ಇನ್ನು ಬಾರದು ಎಂದು ನಮ್ಮ ಅತ್ತೆ ಹೇಳುತ್ತಾರೆ. ಎರಡನೆಯ ಸಲ ಬಂದರೆ ಜೀವಕ್ಕೇ ಅಪಾಯ ಎಂದು ಪಕ್ಕದ ಮನೆಯವರು ಹೆದರಿಸುತ್ತಾರೆ. ಯಾರ ಮಾತು ನಿಜ? ರೋಗನಿರೋಧಕ ಶಕ್ತಿ ಹೆಚ್ಚಲೆಂದು ದಿನಾ ಅಮೃತಬಳ್ಳಿ ಕಷಾಯ ಕುಡಿಸುತ್ತಿದ್ದೇನೆ. ಮುಂದುವರಿಸಬಹುದೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಅತ್ತೆಯವರ ಮಾತು ಕಾಲು ಭಾಗ ನಿಜ. ಲೆಕ್ಕ ಹಾಕಿಯೇ ಹೇಳುತ್ತಿದ್ದೇನೆ, ಏಕೆಂದರೆ ಡೆಂಗಿ ವೈರಸ್ಸಿನಲ್ಲಿ ನಾಲ್ಕು ಬಗೆಗಳಿವೆ. ಮಗನಿಗೆ ಬಂದದ್ದು ಅವುಗಳಲ್ಲಿ ಒಂದು. ಆ ಒಂದರ ಮಟ್ಟಿಗೆ ಅವನು ಬಹುತೇಕ ಜೀವಮಾನವಿಡೀ ನಿಶ್ಚಿಂತ. ಉಳಿದ ಮೂರರ ವಿರುದ್ಧ ಸಿಕ್ಕ ರಕ್ಷಣೆ ಕೆಲವು ತಿಂಗಳಿನದು ಮಾತ್ರ.

ಹಳೆಯ ಲ್ಯಾಬ್ ರಿಪೋರ್ಟ್ ಮನೆಯಲ್ಲಿದ್ದರೆ ತೆಗೆದು ನೋಡಿ. ಜ್ವರದ ಮೊದಲೆರಡು ದಿನಗಳಲ್ಲೇ ಪರೀಕ್ಷೆ ಮಾಡಿಸಿದ್ದರೆ ‘ಎನ್‌ಎಸ್‌1 ಪಾಸಿಟಿವ್, ಐಜಿಎಂ ನೆಗೆಟಿವ್’ ಎಂದಿರಬಹುದು. ಇದನ್ನು ಕಂಡು ಲ್ಯಾಬಿನವರೊಂದಿಗೆ ಜಗಳಕ್ಕೆ ನಿಲ್ಲುವ ತಂದೆತಾಯಿಯರಿದ್ದಾರೆ. ಪಾಪ, ಲ್ಯಾಬಿನವರ ತಪ್ಪೇನೂ ಇಲ್ಲ. ಎನ್‌ಎಸ್‌1 ವೈರಸ್ಸಿನದೇ ಪ್ರೋಟೀನು, ಜ್ವರ ಬಂದ ಕೂಡಲೇ ರಕ್ತದಲ್ಲಿ ಸಿಗುತ್ತದೆ. ಐಜಿಎಂ ನಮ್ಮ ದೇಹ ತಯಾರಿಸುವ ಪ್ರತಿಕಾಯ, ಅಂದರೆ ವೈರಸ್ಸಿಗೆ ಅಂಟಿಕೊಂಡು ಅದನ್ನು ತಡೆಯುವ ಪ್ರೋಟೀನು. ಪ್ರತಿಕಾಯ ತಯಾರಿಸುವ ಬಿಳಿ ರಕ್ತಕಣಗಳಾದ ಅಸಂಖ್ಯ ಬಿ ಕೋಶಗಳಲ್ಲಿ ಈ ವೈರಸ್ಸಿಗೆ ಹೊಂದುವಂಥವು ಸಿಕ್ಕಿ, ಅವು ಒಂದಕ್ಕೆರಡಾಗಿ ಹೆಚ್ಚಿ, ಪ್ರತಿಕಾಯಗಳು ಪರೀಕ್ಷೆಯಲ್ಲಿ ಕಾಣುವಷ್ಟಾಗಲು ಸುಮಾರು ಐದು ದಿನ ಹಿಡಿಯುತ್ತದೆ. ಅಲ್ಲಿಯತನಕ ಇಂಟರ್‌ಫೆರಾನ್ ಮೊದಲಾದ ತುರ್ತು ರಾಸಾಯನಿಕಗಳೇ ಗತಿ. ಮೈ ಸುಡುವುದೂ ಕೈಕಾಲು ನುಲಿಯುವುದೂ ಬಹುಪಾಲು ಅವುಗಳ ಕೆಲಸ. ರೋಗ ಇಳಿದ ಮೇಲೆ ಒಂದಷ್ಟು ಬಿ ಕೋಶಗಳೂ ಟಿ ಕೋಶಗಳೆಂಬ ಇನ್ನೊಂದು ಬಗೆಯ ಬಿಳಿ ರಕ್ತಕಣಗಳೂ ಆ ವೈರಸ್ಸಿನ ಗುರುತು ಇಟ್ಟುಕೊಂಡು ವರ್ಷಗಟ್ಟಲೆ ಬದುಕುತ್ತವೆ.

ಈ ಗುರುತೇ ಡೆಂಗಿಯಲ್ಲಿ ಒಮ್ಮೊಮ್ಮೆ ಮುಳುವಾಗುತ್ತದೆ. ಬೇರೊಂದು ಬಗೆ ಹೊಕ್ಕಾಗ ಹಳೆಯ ಪ್ರತಿಕಾಯಗಳು ಅದಕ್ಕೆ ಅರೆಬರೆ ಅಂಟಿಕೊಳ್ಳುತ್ತವೆ, ಹತ್ತಿಕ್ಕಲಾರವು. ಪ್ರತಿಕಾಯ ಅಂಟಿದ್ದನ್ನು ನುಂಗಿಹಾಕುವುದು ಕೆಲವು ಬಿಳಿ ರಕ್ತಕಣಗಳ ಸ್ವಭಾವ. ಡೆಂಗಿ ವೈರಸ್ ವೃದ್ಧಿಯಾಗುವುದೂ ಆ ಕಣಗಳೊಳಗೇ! ಕಾವಲುಗಾರನೇ ಕಳ್ಳನ ಕೈಹಿಡಿದು ಉಗ್ರಾಣಕ್ಕೆ ಕರೆದೊಯ್ದ ಹಾಗೆ. ಕ್ಯೂಬಾದಲ್ಲಿ 1977ರಲ್ಲಿ ಒಂದನೆಯ ಬಗೆ ಹರಡಿತ್ತು. 1981ರಲ್ಲಿ ಎರಡನೆಯದು ಬಂದಾಗ 158 ಮಂದಿ ಸತ್ತರು. 1997ರಲ್ಲಿ ಎರಡನೆಯದು ಅಲ್ಲಿನ ಸ್ಯಾಂಟಿಯಾಗೋ ನಗರಕ್ಕೆ ಮರಳಿದಾಗ ವಿಷಮಿಸಿದ್ದು ದೊಡ್ಡವರಲ್ಲಿ, ಮಕ್ಕಳಲ್ಲಲ್ಲ. ಇಪ್ಪತ್ತು ವರ್ಷದ ಹಿಂದಿನ ಒಂದನೆಯ ಬಗೆಯನ್ನು ಕಂಡಿದ್ದವರು ಆ ದೊಡ್ಡವರೇ.

ಹಾಗೆಂದು ಪಕ್ಕದ ಮನೆಯವರ ಮಾತಿಗೆ ನಿದ್ದೆಗೆಡಬೇಡಿ. ಎರಡನೆಯ ಸಲ ಬಂದವರಲ್ಲೂ ಹೆಚ್ಚಿನವರು ಗುಣವಾಗುತ್ತಾರೆ. ಮತ್ತೆ ಜ್ವರ ಬಂದರೆ ‘ಹಿಂದೊಮ್ಮೆ ಡೆಂಗಿ ಆಗಿತ್ತು’ ಎಂದು ವೈದ್ಯರಿಗೆ ಮೊದಲೇ ಹೇಳಿ. ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ ಕೊಡಿ; ಐಬುಪ್ರೊಫೆನ್, ಆಸ್ಪಿರಿನ್ ಕೊಡಬೇಡಿ. ಜ್ವರ ಬಿಟ್ಟಿತೆಂದು ನಿರಾಳವಾಗುವ ಹೊತ್ತಿನಲ್ಲೇ ಎಚ್ಚರ ಬೇಕು: ಹೊಟ್ಟೆನೋವು, ನಿಲ್ಲದ ವಾಂತಿ, ವಸಡಿನಲ್ಲಿ ರಕ್ತ, ಮಂಪರು ಕಂಡರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೊರಡಿ.

ಇನ್ನು ಕಷಾಯ. ನಿಲ್ಲಿಸಿ. ಅದು ಡೆಂಗಿಯನ್ನು ತಡೆಯುತ್ತದೆ ಎಂಬುದಕ್ಕೆ ಗಟ್ಟಿ ಪುರಾವೆಯಿಲ್ಲ. ಕೋವಿಡ್ ಕಾಲದಲ್ಲಿ ಅಮೃತಬಳ್ಳಿ ಸೇವಿಸಿದ ಕೆಲವರ ಯಕೃತ್ತಿಗೆ ಪೆಟ್ಟಾದದ್ದನ್ನು ಮುಂಬೈಯ ವೈದ್ಯರು ವರದಿ ಮಾಡಿದ್ದಾರೆ. ಕಷಾಯ ಕುದಿಸುವ ಹೊತ್ತಿನಲ್ಲಿ ನೀರಿನ ಡ್ರಮ್ ಉಜ್ಜಿ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಡುವುದು ಡ್ರಮ್ಮಿನ ಒಳಗೋಡೆಯಲ್ಲಿ, ನೀರಿನ ಮಟ್ಟಕ್ಕಿಂತ ತುಸು ಮೇಲೆ. ಒಣಗಿದರೂ ಆ ಮೊಟ್ಟೆಗಳು ತಿಂಗಳುಗಟ್ಟಲೆ ಸಾಯವು. ಆದ್ದರಿಂದ ನೀರು ಚೆಲ್ಲಿದರೆ ಸಾಲದು, ವಾರಕ್ಕೊಮ್ಮೆ ಬ್ರಷ್ ಹಾಕಿ ತಿಕ್ಕಬೇಕು.