ಒಡಹುಟ್ಟಿದ ಅಣ್ಣನೇ ಮೋಸ ಮಾಡಿದಾಗ ಅವನನ್ನು ಪ್ರೀತಿಸುವುದು ಹೇಗೆ?

ತಂದೆ ತೀರಿಕೊಂಡ ಮೇಲೆ ಸಾಲದ ಕಾಗದವೆಂದು ನಂಬಿಸಿ ನಿಮ್ಮಣ್ಣ ಹಕ್ಕು ಖುಲಾಸೆ ಪತ್ರಕ್ಕೆ ಸಹಿ ಹಾಕಿಸಿಕೊಂಡರು, ಮಂಡ್ಯದ ಕಬ್ಬಿನ ಗದ್ದೆಯಲ್ಲಿ ನಿಮಗಿದ್ದ ಪಾಲು ಕೈತಪ್ಪಿತು, ಈಗ ಬಂಧುಗಳೆಲ್ಲ ಕ್ರೈಸ್ತರಾದವರು ಕ್ಷಮಿಸಿ ಸುಮ್ಮನಿರಬೇಕು ಎನ್ನುತ್ತಿದ್ದಾರೆ, ಪ್ರೀತಿಯೆಂದರೆ ಇದೇ ಏನು ಎಂದು ಕೇಳಿದ್ದೀರಿ. ಅಣ್ಣನನ್ನು ಪ್ರೀತಿಸಬೇಕು ಎಂಬುದರಲ್ಲಿ ನನಗೆ ಸಂದೇಹವಿಲ್ಲ. ಸುಮ್ಮನಿರುವುದೇ ಆ ಪ್ರೀತಿ ಎಂಬುದನ್ನು ಮಾತ್ರ ನಾನು ಒಪ್ಪಲಾರೆ.

ಮೊದಲು ನಿಮ್ಮ ಸಿಟ್ಟಿನ ವಿಚಾರ. ಬೈಬಲಿನ 55ನೇ ಕೀರ್ತನೆಯನ್ನು ತೆರೆದು ನೋಡಿ. ನಿಂದಿಸಿದವನು ಶತ್ರುವಾಗಿದ್ದರೆ ತಾಳಿಕೊಳ್ಳಬಹುದಿತ್ತು, ಆದರೆ ನೀನು ನನ್ನ ಆಪ್ತ, ನನ್ನ ಜೊತೆ ದೇವಾಲಯಕ್ಕೆ ಬರುತ್ತಿದ್ದವನು ಎಂದು ಕೀರ್ತನೆಗಾರ ಗೋಳಿಡುತ್ತಾನೆ; ಅಷ್ಟಕ್ಕೇ ನಿಲ್ಲದೆ ಶಾಪವನ್ನೂ ಹಾಕುತ್ತಾನೆ. ವ್ಯಾಪಾರದಲ್ಲಿ ಪಾಲುದಾರರಾಗಿದ್ದವರೊಬ್ಬರು ನನಗೆ ಮೋಸ ಮಾಡಿದ ಕಾಲದಲ್ಲಿ, ಸಂಜೆಯ ಜಪಮಾಲೆಯಲ್ಲಿ ಅವರ ಹೆಸರು ಹೇಳಲು ಹೋದರೆ ಗಂಟಲು ಕಟ್ಟಿ, ಬೆರಳು ಮುಂದಿನ ಮಣಿಗೆ ಸರಿಯುತ್ತಿರಲಿಲ್ಲ. ಆಗ ನನ್ನ ಬಾಯಿಂದ ಹೊರಡುತ್ತಿದ್ದ ಪ್ರಾರ್ಥನೆ ಈ ಕೀರ್ತನೆಯೊಂದೇ.

ನಿಮ್ಮ ಸಂಕಟಕ್ಕೆ ತೀರ ಹತ್ತಿರವಾದದ್ದು ಆದಿಕಾಂಡದ ಜೋಸೆಫನ ವೃತ್ತಾಂತ. ಅಣ್ಣಂದಿರು ಅವನನ್ನು 20 ಬೆಳ್ಳಿ ನಾಣ್ಯಗಳಿಗೆ ಮಾರಿದರು. ಮಾರಿಬಿಡೋಣ ಎಂದು ಸೂಚಿಸಿದವನು ಯೆಹೂದ. ವರ್ಷಗಳು ಕಳೆದು, ಬರಗಾಲದಲ್ಲಿ ಅವರೇ ದವಸಕ್ಕಾಗಿ ಈಜಿಪ್ಟಿಗೆ ಬಂದಾಗ, ಅಷ್ಟರಲ್ಲಿ ಅಲ್ಲಿ ಅಧಿಕಾರಿಯಾಗಿದ್ದ ಜೋಸೆಫ ನಡೆದುಕೊಂಡ ರೀತಿಯನ್ನು ನಿಧಾನವಾಗಿ ಓದಿ. ಮೊದಲ ಭೇಟಿಯಲ್ಲೇ ಚೀಲಗಳ ತುಂಬ ದವಸ ಕೊಡಿಸಿದನು, ಅವರು ತೆತ್ತ ಹಣವನ್ನು ಅದೇ ಚೀಲಗಳಲ್ಲಿ ಗುಟ್ಟಾಗಿ ಇಡಿಸಿದನು, ದಾರಿಗೆ ಬುತ್ತಿಯನ್ನೂ ಕಟ್ಟಿಸಿದನು. ಅವರ ಮಾತು ಕಿವಿಗೆ ಬಿದ್ದು ಮರೆಗೆ ಹೋಗಿ ಅತ್ತನು. ಆದರೂ ತಾನು ಯಾರೆಂದು ಹೇಳಲಿಲ್ಲ. ಗಡುಸಾಗಿ ಮಾತನಾಡಿದನು, ಅವರಲ್ಲೊಬ್ಬನಾದ ಸಿಮೆಯೋನನನ್ನು ಸೆರೆಯಲ್ಲಿಟ್ಟುಕೊಂಡನು. ಕೊನೆಗೆ ಜೋಸೆಫನೇ ಗುಟ್ಟಾಗಿ ಇಡಿಸಿದ್ದ ಬೆಳ್ಳಿಯ ಪಾತ್ರೆ ಕಿರಿಯ ತಮ್ಮ ಬೆನ್ಯಾಮೀನನ ಚೀಲದಲ್ಲಿ ಸಿಕ್ಕು ಅವನ ಮೇಲೆ ಕಳವಿನ ಆರೋಪ ಬಂದಾಗ, ಅಂದು ಒಬ್ಬ ತಮ್ಮನನ್ನು ಮಾರಿಸಿದ್ದ ಯೆಹೂದನೇ ಮುಂದೆ ಬಂದು, ಈ ತಮ್ಮನ ಬದಲು ನನ್ನನ್ನು ಗುಲಾಮನಾಗಿ ಇಟ್ಟುಕೊಳ್ಳಿ ಎಂದು ಅಂಗಲಾಚಿದ ಮೇಲಷ್ಟೇ ಜೋಸೆಫ ಗಟ್ಟಿಯಾಗಿ ಅತ್ತು ತನ್ನ ಗುರುತು ಹೇಳಿಕೊಂಡನು. ಅಣ್ಣಂದಿರ ಹೊಟ್ಟೆ ತುಂಬಿಸಲು ಅವರು ಬದಲಾಗಲೆಂದು ಅವನು ಕಾಯಲಿಲ್ಲ. ಅವರನ್ನು ನಂಬಲು ಕಾದನು.

ಪವಿತ್ರ ಗುರುವಾರದ ಸಂಜೆ ಮೈಸೂರಿನ ಸಂತ ಫಿಲೋಮಿನಾ ದೇವಾಲಯದಲ್ಲಿ ಗುರುಗಳು ಮಂಡಿಯೂರಿ, ಸಾಲಾಗಿ ಕುಳಿತವರ ಪಾದಕ್ಕೆ ನೀರು ಸುರಿದು ಬಟ್ಟೆಯಿಂದ ಒರೆಸುವಾಗಲೆಲ್ಲ ನನಗೆ ಯೇಸುಸ್ವಾಮಿಯನ್ನು ಹಿಡಿದುಕೊಟ್ಟ ಶಿಷ್ಯ ಯೂದನ ನೆನಪಾಗುತ್ತದೆ. ಯೊವಾನ್ನರ ಶುಭಸಂದೇಶದ 13ನೇ ಅಧ್ಯಾಯದಲ್ಲಿ ಯೇಸುಸ್ವಾಮಿ ಶಿಷ್ಯರ ಪಾದ ತೊಳೆದದ್ದು ಮೊದಲು, ಯೂದ ಎದ್ದು ಹೋದದ್ದು ಆಮೇಲೆ. ಎಂದರೆ ಅವನ ಪಾದವನ್ನೂ ಅವರು ತೊಳೆದರು. ಹಾಗೆ ತೊಳೆದವರೇ ಅದೇ ಊಟದಲ್ಲಿ, ನಿಮ್ಮಲ್ಲೊಬ್ಬನು ನನ್ನನ್ನು ಹಿಡಿದುಕೊಡುವನು ಎಂದು ಎಲ್ಲರ ಮುಂದೆ ಹೇಳಿದರು. ಆದದ್ದನ್ನು ಮುಚ್ಚಿಡಿ ಎಂದು ನಿಮಗೆ ಹೇಳುವವರು ಈ ಅಧ್ಯಾಯವನ್ನು ಪೂರ್ತಿ ಓದಲಿ.

ಇನ್ನು ಕೋರ್ಟಿನ ಮಾತು. ಕ್ರೈಸ್ತರಿಗೆ ಅನ್ವಯಿಸುವ 1925ರ ಭಾರತೀಯ ಉತ್ತರಾಧಿಕಾರ ಅಧಿನಿಯಮದಂತೆ, ತಂದೆ ಉಯಿಲು ಬರೆಯದೆ ತೀರಿಕೊಂಡರೆ ಮಗಳಿಗೂ ಮಗನಷ್ಟೇ ಪಾಲು. ಮೋಸದಿಂದ ಬರೆಸಿಕೊಂಡ ಪತ್ರವನ್ನು ರದ್ದುಪಡಿಸಲು, ಮೋಸ ತಿಳಿದಂದಿನಿಂದ 3 ವರ್ಷಗಳೊಳಗೆ ದಾವೆ ಹೂಡಬೇಕು. ಆದ್ದರಿಂದ ವಕೀಲರನ್ನು ಕಾಣುವುದನ್ನು ಮುಂದೂಡಬೇಡಿ. ಸಹೋದರರು ನ್ಯಾಯಾಲಯದ ಮೆಟ್ಟಿಲು ಹತ್ತುವುದನ್ನು ಸಂತ ಪೌಲರು ಕೊರಿಂಥದವರಿಗೆ ಬರೆದ ಮೊದಲ ಪತ್ರದಲ್ಲಿ ಆಕ್ಷೇಪಿಸಿದ್ದು ನಿಜ, ಅನ್ಯಾಯವನ್ನು ಏಕೆ ಸಹಿಸಿಕೊಳ್ಳಬಾರದು ಎಂದು ಕೇಳಿದ್ದೂ ನಿಜ. ಆದರೆ ಸಹಿಸಿಕೊಳ್ಳುವ ತೀರ್ಮಾನ ನಿಮ್ಮದಾಗಿರಬೇಕೇ ಹೊರತು ಬಂಧುಗಳು ಹೇರುವಂಥದ್ದಲ್ಲ. ವ್ಯಾಜ್ಯ ತೀರಿಸಬಲ್ಲ ವಿವೇಕಿ ನಿಮ್ಮಲ್ಲಿ ಒಬ್ಬನೂ ಇಲ್ಲವೇ ಎಂದು ಪೌಲರು ಅಲ್ಲಿಯೇ ಕೇಳಿರುವುದರಿಂದ, ಮೊದಲು ನಿಮ್ಮ ಧರ್ಮಕೇಂದ್ರದ ಗುರುಗಳನ್ನೂ ಹಿರಿಯರನ್ನೂ ಕೂರಿಸಿಕೊಂಡು ಅಣ್ಣನೊಡನೆ ಮಾತನಾಡಿ. ಅದಕ್ಕೂ ಅವರು ಬಗ್ಗದಿದ್ದರೆ ಕೋರ್ಟಿಗೆ ಹೋಗಿ; ತಮಗೆ ನ್ಯಾಯ ಸಿಗದೆಂದು ಕಂಡಾಗ ರೋಮಿನ ಚಕ್ರವರ್ತಿಗೆ ಮೊರೆಯಿಟ್ಟವರೂ ಅದೇ ಪೌಲರು.

ಜೂನ್ 13ರ ಸಂತ ಅಂತೋಣಿಯವರ ಹಬ್ಬಕ್ಕೆ ಅಣ್ಣನ ಮನೆಯವರೂ ಡೋರ್ನಹಳ್ಳಿಗೆ ಬರುತ್ತಾರೆ, ಮಾತನಾಡಿಸಲೇ ಎಂದಿದ್ದೀರಿ. ಖಂಡಿತ ಮಾತನಾಡಿಸಿ. ಅತ್ತಿಗೆಯನ್ನೂ ಮಕ್ಕಳನ್ನೂ ವಿಚಾರಿಸಿಕೊಳ್ಳಿ, ಊಟಕ್ಕೆ ಕರೆದರೆ ಜೊತೆಯಲ್ಲೇ ಕುಳಿತುಕೊಳ್ಳಿ. ಜಮೀನಿನ ಮಾತನ್ನು ಅಣ್ಣನೇ ಎತ್ತಿದರೆ, ನನ್ನ ಪಾಲು ನನಗೆ ಬರಬೇಕು ಎಂಬುದನ್ನು ದನಿ ಏರಿಸದೆ ಹೇಳಿ. ಹೊಸದಾಗಿ ಯಾವ ಕಾಗದ ಮುಂದಿಟ್ಟರೂ ವಕೀಲರಿಗೆ ತೋರಿಸದೆ ಸಹಿ ಹಾಕಬೇಡಿ.