ನವಣೆ ತೆನೆ ಹಿಡಿದು ಸುಮ್ನೆ ಕೂತಿರಿ

ಸಾಕುಪ್ರಾಣಿ ಇಟ್ಟುಕೊಂಡವರ ಪ್ರಶ್ನೆಗಳಿಗೆ ಪಶುವೈದ್ಯರ ಉತ್ತರ. ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಕಾಕಟೀಲ್ ಬಗ್ಗೆಯೇ. ಅಂಗಡಿಗಳಲ್ಲಿ ‘ಕಾಕ್‌ಟೇಲ್’ ಅಂತ ಮಾರುತ್ತಾರಲ್ಲ, ತಲೆ ಮೇಲೆ ಜುಟ್ಟು, ಕೆನ್ನೆಗೆ ಕಿತ್ತಳೆ ಬೊಟ್ಟು, ಅದೇ ಹಕ್ಕಿ.

ಡಾಕ್ಟ್ರೇ, ಮೂರು ವಾರದ ಹಿಂದೆ ಬಳ್ಳಾರಿಯಿಂದ ಒಂದು ಕಾಕಟೀಲ್ ತಂದೆವು. ಭುಜದ ಮೇಲೆ ಕೂರುತ್ತೆ ಅಂತ ಅಂಗಡಿಯವನು ಹೇಳಿದ್ದ. ಇಲ್ಲಿ ನೋಡಿದರೆ ಕೈ ಹತ್ತಿರ ಹೋದರೆ ಸಾಕು, ಹಾವಿನ ಹಾಗೆ ಬುಸ್ ಅನ್ನುತ್ತೆ. ಮಗನ ಬೆರಳು ಕಚ್ಚಿ ರಕ್ತ ಬಂತು. ಮನೆಯವರು ವಾಪಸ್ ಕೊಟ್ಟುಬಿಡು ಅಂತಿದ್ದಾರೆ. ಇದು ಪಳಗುತ್ತಾ?
– ಗೃಹಿಣಿ, ಸಿರುಗುಪ್ಪ

ಪಳಗುತ್ತದೆ, ತಂಗೀ. ಆದರೆ ಮೂರು ವಾರ ಅದರ ಲೆಕ್ಕದಲ್ಲಿ ಏನೂ ಅಲ್ಲ.

ಹಕ್ಕಿಯ ಕಡೆಯಿಂದ ಒಂದು ಸಲ ನೋಡಿ. ಎರಡು ನಿಂಬೆಹಣ್ಣಿನಷ್ಟು ತೂಕದ ಜೀವ. ಕೈ ಅಂದರೆ ಅದಕ್ಕೆ ನೆನಪಿರುವುದು ಒಂದೇ: ಅಂಗಡಿಯ ಪಂಜರದೊಳಗೆ ನುಗ್ಗಿ, ಗಪ್ಪಂತ ಹಿಡಿದು, ರಟ್ಟಿನ ಡಬ್ಬಿಗೆ ತುಂಬಿದ ಕೈ. ಆಮೇಲೆ ಬಸ್ಸು, ಕತ್ತಲು, ಹೊಸ ಮನೆ. ಅದು ಬುಸ್ ಅನ್ನುವುದು ಸಿಟ್ಟಿಗಲ್ಲ, ಹೆದರಿಕೆಗೆ. ಮರಿಯಿದ್ದಾಗಲೇ ಮನುಷ್ಯರ ಕೈಯಲ್ಲಿ ತುತ್ತು ತಿಂದು ಬೆಳೆದ ಹಕ್ಕಿ ಬೇಗ ಭುಜ ಹತ್ತುತ್ತದೆ. ತಾಯಿ ಹಕ್ಕಿ ಸಾಕಿದ್ದಕ್ಕೆ ತಿಂಗಳುಗಳೇ ಬೇಕು. ನಮ್ಮ ಮನೆಯದು ಕೈಗೆ ಬರಲು ಎರಡು ತಿಂಗಳ ಮೇಲೆ ತಗೊಂಡಿತು. ಅದರಲ್ಲಿ ಒಂದು ತಿಂಗಳು ನನ್ನ ತಪ್ಪಿಗೇ ಹೋಯಿತು. ಅವಸರ ಮಾಡಿ ಟವೆಲ್ ಹಾಕಿ ಹಿಡಿದೆ, ಇದ್ದಷ್ಟು ನಂಬಿಕೆಯನ್ನೂ ಕಳಕೊಂಡೆ.

ಮೊದಲು ಜುಟ್ಟು ನೋಡುವುದನ್ನು ಕಲಿಯಿರಿ. ನೆಟ್ಟಗೆ ಸೆಟೆದು ನಿಂತರೆ ಬೆಚ್ಚಿದೆ, ಇಲ್ಲವೇ ಏನೋ ಹೊಸದು ಕಂಡಿದೆ. ತಲೆಗೆ ಅಂಟಿಸಿದ ಹಾಗೆ ಚಪ್ಪಟೆಯಾಗಿ, ಮೈ ಹಿಂದಕ್ಕೆ ವಾಲಿ, ಬಾಯಿ ತೆರೆದರೆ ಮುಂದಿನದು ಕಚ್ಚುವುದೇ. ಅರ್ಧ ಇಳಿದು ತುದಿ ಮಾತ್ರ ಮೇಲೆ ಬಾಗಿದ್ದರೆ ಆರಾಮಾಗಿದೆ. ನಿಮ್ಮ ಮಗನಿಗೂ ಅದು ಕಚ್ಚುವ ಮುಂಚೆ ಎರಡು ಸಲವಾದರೂ ಹೇಳಿರುತ್ತದೆ, ಅವನಿಗೆ ಆ ಭಾಷೆ ಗೊತ್ತಿರಲಿಲ್ಲ, ಅಷ್ಟೇ. ರಾತ್ರಿ ಮಲಗುವ ಹೊತ್ತಿಗೆ ಕೊಕ್ಕನ್ನು ಕರಕರ ಉಜ್ಜುವ ಸದ್ದು ಕೇಳಿದರೆ ಹೆದರಬೇಡಿ. ಅದು ಸಮಾಧಾನದ ಸದ್ದು.

ಪಂಜರವನ್ನು ಮನೆಯವರು ಕೂರುವ ಕೋಣೆಯಲ್ಲಿ, ಒಂದು ಬದಿ ಗೋಡೆಗೆ ತಾಗಿಸಿ, ಕೂತವರ ಕಣ್ಣಿನ ಮಟ್ಟಕ್ಕೆ ಇಡಿ. ನೆಲದ ಮೇಲಿಟ್ಟರೆ ಮೇಲಿಂದ ಬರುವ ಪ್ರತಿ ನೆರಳೂ ಅದಕ್ಕೆ ಗಿಡುಗನೇ. ಒಂದು ವಾರ ಕಾಳು, ನೀರಿಗೆ ಬಿಟ್ಟು ಕೈ ಒಳಗೆ ಹಾಕಬೇಡಿ. ಪಕ್ಕದಲ್ಲಿ ಕೂತು ಸೊಪ್ಪು ಬಿಡಿಸಿ, ಪೇಪರ್ ಗಟ್ಟಿಯಾಗಿ ಓದಿ, ಫೋನಿನಲ್ಲಿ ಅಕ್ಕನ ಜೊತೆ ಮಾತಾಡಿ. ನಿಮ್ಮ ದನಿ ಅದಕ್ಕೆ ರೂಢಿಯಾಗಲಿ.

ಆಮೇಲೆ ನವಣೆ ತೆನೆ. ಅಂಗಡಿಯಲ್ಲಿ ‘ಮಿಲೆಟ್ ಸ್ಪ್ರೇ’ ಅಂತ ಪ್ಯಾಕೆಟ್‌ನಲ್ಲಿ ದುಬಾರಿಗೆ ಮಾರುವುದು ಬಹುತೇಕ ಇದನ್ನೇ. ನಿಮ್ಮ ಕಡೆ ಯಾರಾದರೂ ನವಣೆ ಹಾಕಿದ್ದರೆ, ಔಷಧಿ ಹೊಡೆಯದ ನಾಲ್ಕು ತೆನೆ ಕೇಳಿ ತನ್ನಿ. ತೆನೆ ಉದ್ದ ಇರುವುದೇ ನಮಗೆ ಅನುಕೂಲ. ಮೊದಲ ದಿನ ಬುಡ ಹಿಡಿದು ತುದಿಯನ್ನು ಮಾತ್ರ ಸರಳಿನ ಸಂದಿಯಿಂದ ಒಳಗೆ ಚಾಚಿ. ಹಕ್ಕಿ ಕತ್ತು ಚಾಚುತ್ತದೆ, ಹಿಂದೆ ಸರಿಯುತ್ತದೆ, ಮತ್ತೆ ಚಾಚುತ್ತದೆ. ಕೈ ಅಲ್ಲಾಡಬಾರದು. ನೀವು ಬೇರೆ ಕಡೆ ನೋಡುತ್ತಿರಿ, ದಿಟ್ಟಿಸಿ ನೋಡುವುದು ಬೆಕ್ಕಿನ ಕೆಲಸ. ಕಿಟ್ ಅಂತ ಒಂದು ಕಾಳು ಸುಲಿದ ಸದ್ದು ಬಂತಾ? ಅವತ್ತಿನ ಪಾಠ ಮುಗಿಯಿತು, ಎದ್ದು ಹೋಗಿ.

ದಿನಕ್ಕೆ ಎರಡು ಸಲ, ಐದೈದು ನಿಮಿಷ ಸಾಕು. ಹಕ್ಕಿ ನಿರಾಳವಾಗಿ ತಿನ್ನತೊಡಗಿದ ಮೇಲೆ ಹಿಡಿತವನ್ನು ಒಂದೊಂದೇ ಬೆರಳಷ್ಟು ಮುಂದಕ್ಕೆ ತನ್ನಿ. ಕೊನೆಗೆ ತೆನೆ ಅಂಗೈಯಲ್ಲಿ, ಕೈ ಪಂಜರದ ಬಾಗಿಲಲ್ಲಿ. ತಿನ್ನಬೇಕಾದರೆ ಬೆರಳ ಮೇಲೆ ಕಾಲಿಡಲೇಬೇಕು. ಹತ್ತುವ ಮುಂಚೆ ಕೊಕ್ಕಿನಿಂದ ಬೆರಳನ್ನು ಹಿಡಿದು ನೋಡುತ್ತದೆ, ಈ ಕೊಂಬೆ ಗಟ್ಟಿ ಇದೆಯಾ ಅಂತ. ಅದು ಕಚ್ಚುವುದಲ್ಲ. ಎಲ್ಲರೂ ಸೋಲುವುದು ಇಲ್ಲೇ. ಹೆದರಿ ಕೈ ಎಳಕೊಂಡರೆ ಮತ್ತೆ ಒಂದು ವಾರ ಹಿಂದಕ್ಕೆ ಹೋದ ಹಾಗೆ.

ಮಗನಿಗೂ ತೆನೆ ಹಿಡಿಯುವ ಕೆಲಸ ಕೊಡಿ, ನೀವು ಪಕ್ಕದಲ್ಲಿರಿ. ಸವರುವುದು ತಲೆ, ಕೆನ್ನೆ ಮಾತ್ರ, ಬೆನ್ನು ಬೇಡ. ಹೊರಗೆ ಬಿಡುವಾಗ ಸೀಲಿಂಗ್ ಫ್ಯಾನ್ ಬಂದ್, ಕಿಟಕಿ ಬಂದ್, ಒಲೆ ಮೇಲೆ ಏನೂ ಇರಬಾರದು. ಫ್ಯಾನಿನ ರೆಕ್ಕೆ ಬಡಿದು ಬಂದ ಹಕ್ಕಿಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ, ಬದುಕಿದ್ದು ಕಡಿಮೆ.

ಹೊಲದಲ್ಲಿ ಸೂರ್ಯಕಾಂತಿ ಬೆಳೆಯುತ್ತೇವೆ. ನಮ್ಮ ಎರಡು ಹಕ್ಕಿಗೂ ಅದೇ ಊಟ, ಬಹಳ ಇಷ್ಟ. ಅವ್ವ ಮಂಡಕ್ಕಿ ಒಗ್ಗರಣೆ, ಮಿರ್ಚಿ ತುಣುಕನ್ನೂ ಹಾಕುತ್ತಾಳೆ. ಪರವಾಗಿಲ್ವಾ?
– ರೈತ, ಸಿಂಧನೂರು ತಾಲೂಕು

ಖಾರದ ಚಿಂತೆ ಬೇಡ. ಮೆಣಸಿನಕಾಯಿಯ ಉರಿ ಹಕ್ಕಿಗಳಿಗೆ ತಾಗುವುದಿಲ್ಲ, ಹಸಿಮೆಣಸಿನಕಾಯಿಯನ್ನು ಬೀಜ ಸಮೇತ ತಿಂದು ಇನ್ನೊಂದು ಕೇಳುತ್ತವೆ. ಕೆಡುಕು ಇರುವುದು ಮಿರ್ಚಿಯ ಎಣ್ಣೆಯಲ್ಲಿ, ಒಗ್ಗರಣೆಯ ಉಪ್ಪು ಮತ್ತು ಈರುಳ್ಳಿಯಲ್ಲಿ. ಅವ್ವನಿಗೆ ಹೇಳಿ, ಪ್ರೀತಿ ತೋರಿಸಬೇಕಾದರೆ ಒಂದು ಎಳೆ ಕೊತ್ತಂಬರಿ ಕೊಡಲಿ.

ಸೂರ್ಯಕಾಂತಿ ಅಂದರೆ ಕೊಬ್ಬು. ಅದನ್ನೇ ತಿಂದ ಹಕ್ಕಿ ಹೊರಗೆ ಗುಂಡಗೆ ಚೆಂದ ಕಾಣುತ್ತದೆ, ಒಳಗೆ ಲಿವರ್ ಕೊಬ್ಬುಗಟ್ಟುತ್ತದೆ. ವಿಟಮಿನ್ ಎ, ಕ್ಯಾಲ್ಸಿಯಂ ಎರಡೂ ಕಡಿಮೆ ಬೀಳುತ್ತವೆ. ದಿನಕ್ಕೆ ನಾಲ್ಕೈದು ಕಾಳು, ಅದೂ ಕೈಯಿಂದ, ಬಹುಮಾನದ ಹಾಗೆ. ಬಟ್ಟಲಿಗೆ ನವಣೆ, ಸಜ್ಜೆ, ಸಾಮೆ ಬೆರೆಸಿ ಒಂದು ಹಕ್ಕಿಗೆ ದಿನಕ್ಕೆ ಒಂದೂವರೆ ದೊಡ್ಡ ಚಮಚ. ಜೊತೆಗೆ ನುಗ್ಗೆ ಸೊಪ್ಪು, ಮೆಂತ್ಯ, ತುರಿದ ಗಜ್ಜರಿ, ಮೊಳಕೆ ಹೆಸರು, ವಾರಕ್ಕೊಮ್ಮೆ ಬೇಯಿಸಿದ ಮೊಟ್ಟೆ ಚೂರು. ನಮ್ಮ ಸೆಕೆಗೆ ಹಸಿ ತಿಂಡಿ ಎರಡು ಗಂಟೆಯಲ್ಲಿ ಹುಳಿ ಬರುತ್ತದೆ, ಅಷ್ಟರೊಳಗೆ ತೆಗೆದುಬಿಡಿ. ಬದಲಾವಣೆ ನಿಧಾನವಾಗಿರಲಿ. ಗೊತ್ತಿಲ್ಲದ ತಿಂಡಿಯ ಮುಂದೆ ಹಸಿದು ಕೂರುವ ಹಟಮಾರಿ ಹಕ್ಕಿ ಇದು. ವಾರಕ್ಕೊಮ್ಮೆ ಅಡುಗೆಮನೆ ತಕ್ಕಡಿಯಲ್ಲಿ ತೂಗಿ ಬರೆದಿಡಿ. 90 ಗ್ರಾಂ ಇದ್ದದ್ದು 80ಕ್ಕೆ ಇಳಿದರೆ ತಕ್ಷಣ ಡಾಕ್ಟರಿಗೆ ತೋರಿಸಿ. ಬೆಣ್ಣೆಹಣ್ಣು, ಚಾಕೊಲೇಟ್, ಚಹಾ, ಕಾಫಿ ಮೂಸಲೂ ಕೊಡಬೇಡಿ.

ಇನ್ನೊಂದು ಮಾತು ರೈತರಿಗೇ ಹೇಳಬೇಕಾದದ್ದು. ಬಿತ್ತಿ ಉಳಿದ ಬೀಜ, ಗುಲಾಬಿ ಬಣ್ಣದ ಪುಡಿ ಹತ್ತಿರುತ್ತದಲ್ಲ, ಅದನ್ನು ತೊಳೆದೂ ಹಾಕಬೇಡಿ. ಅದಕ್ಕೆ ವಿಷ ಸವರಿರುತ್ತಾರೆ. ಮತ್ತೆ ಬಟ್ಟಲು ತುಂಬಿದೆ ಅಂತ ನಂಬಬೇಡಿ. ಕಾಕಟೀಲ್ ಕಾಳನ್ನು ಸುಲಿದು ಹೊಟ್ಟನ್ನು ಅಲ್ಲೇ ಬಿಡುತ್ತದೆ. ಮೇಲಿಂದ ನೋಡಿದರೆ ತುಂಬಿದ ಬಟ್ಟಲು, ಉಫ್ ಅಂತ ಊದಿದರೆ ತಳದಲ್ಲಿ ನಾಲ್ಕು ಕಾಳು. ಊರಿಗೆ ಹೋದಾಗ ಹಕ್ಕಿ ನೋಡಿಕೊಳ್ಳಲು ಒಪ್ಪಿದ ಪಕ್ಕದ ಮನೆಯವರಿಗೆ ಇದನ್ನು ಮರೆಯದೆ ಹೇಳಿ.

ಇಷ್ಟು ದುಡ್ಡು ಕೊಟ್ಟು ಹೊರದೇಶದ ಹಕ್ಕಿ ಯಾಕೆ? ನಮ್ಮ ಹಸಿರು ಗಿಣಿ ಸಾಕಿದರೆ ಮಾತೂ ಕಲಿಯುತ್ತೆ ಅಲ್ವಾ?
– ಕುಷ್ಟಗಿ

ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ನಮ್ಮ ಕಾಡು ಗಿಣಿಗಳನ್ನು ಹಿಡಿಯುವುದು, ಮಾರುವುದು, ಸಾಕುವುದು ಅಪರಾಧ. ಮಾತೇ ಬೇಕು ಅನ್ನುವವರಿಗೆ ಕಾಕಟೀಲೂ ನಿರಾಸೆ ಮಾಡಬಹುದು. ಗಂಡು ಚೆನ್ನಾಗಿ ಸಿಳ್ಳೆ ಹಾಕುತ್ತದೆ, ಒಂದೆರಡು ಮಾತು ಕಲಿತರೂ ಕಲಿತೀತು. ಹೆಣ್ಣು ಹೆಚ್ಚಾಗಿ ಸುಮ್ಮನಿರುತ್ತದೆ.

ಒಂಟಿ ಹೆಣ್ಣು ಹಕ್ಕಿ. ಗಂಡಿಲ್ಲದೆ ಐದು ಮೊಟ್ಟೆ ಇಟ್ಟಿದೆ! ತೆಗೆದುಬಿಡಲಾ?
– ಕಾಲೇಜು ವಿದ್ಯಾರ್ಥಿನಿ, ಕೊಪ್ಪಳ

ಕೋಳಿ ಇಡುವುದಿಲ್ಲವೇನಮ್ಮಾ, ಹಾಗೆಯೇ. ಈಗಲೇ ತೆಗೆಯಬೇಡಿ. ತೆಗೆದರೆ ಲೆಕ್ಕ ತುಂಬಿಸಲು ಇನ್ನಷ್ಟು ಇಡುತ್ತದೆ, ಮೈಯಲ್ಲಿನ ಕ್ಯಾಲ್ಸಿಯಂ ಬರಿದಾಗುತ್ತದೆ. ಮೂರು ವಾರ ಕಾವು ಕೂರಲಿ, ತಾನೇ ಬೇಸತ್ತು ಬಿಟ್ಟ ಮೇಲೆ ತೆಗೆಯಿರಿ. ಪಂಜರಕ್ಕೆ ಕಟಲ್‌ಬೋನ್ ಕಟ್ಟಿ, ಅಂದರೆ ಕಟಲ್‌ಫಿಶ್ ಅನ್ನುವ ಕಡಲಜೀವಿಯ ಸುಣ್ಣದಂಥ ಬಿಳಿ ಚಿಪ್ಪು; ಹಕ್ಕಿ ಅದನ್ನು ಕೆರೆದು ತಿಂದು ಕ್ಯಾಲ್ಸಿಯಂ ಪಡೆಯುತ್ತದೆ. ಮುಂದೆ ಹೀಗಾಗದಿರಲು ದಿನಕ್ಕೆ 12 ಗಂಟೆ ಕತ್ತಲು ಮತ್ತು ನಿದ್ದೆ ಸಿಗಲಿ. ಡಬ್ಬಿ, ಕಪಾಟಿನ ಮೂಲೆ, ಮಂಚದ ಕೆಳಗೆ ಗೂಡಿನ ಹಾಗೆ ಕಾಣುವ ಜಾಗಕ್ಕೆ ಬಿಡಬೇಡಿ. ಬೆನ್ನು ಸವರುವ ಅಭ್ಯಾಸ ನಿಮಗಿದ್ದರೆ ನಿಲ್ಲಿಸಿ, ಅದನ್ನು ಹಕ್ಕಿ ಗಂಡಿನ ಕರೆ ಅಂತ ತಿಳಿಯುತ್ತದೆ. ಮೈ ಉಬ್ಬಿಸಿಕೊಂಡು ಪಂಜರದ ತಳದಲ್ಲಿ ಕೂತು, ಬಾಲ ಮೇಲೆ ಕೆಳಗೆ ಆಡಿಸುತ್ತಾ ತಿಣುಕುತ್ತಿದ್ದರೆ ಮಾತ್ರ ಮೊಟ್ಟೆ ಒಳಗೇ ಸಿಕ್ಕಿಕೊಂಡಿರಬಹುದು. ಅದಕ್ಕೆ ಮನೆಮದ್ದಿಲ್ಲ. ನಾಳೆ ಅನ್ನದೆ ಅದೇ ದಿನ ಆಸ್ಪತ್ರೆಗೆ ಒಯ್ಯಿರಿ. ದನ, ಎಮ್ಮೆ ನೋಡುವವರೆಲ್ಲ ಹಕ್ಕಿ ನೋಡುವುದಿಲ್ಲ. ನಿಮ್ಮ ಸುತ್ತ ಯಾರು ನೋಡುತ್ತಾರೆ ಅಂತ ಇವತ್ತೇ ಫೋನ್ ಮಾಡಿ ಕೇಳಿಟ್ಟುಕೊಳ್ಳಿ.

ಬೇಸಿಗೆಯಲ್ಲಿ ಕೂಲರ್ ಮುಂದೆ ಇಡಬಹುದಾ? ಇನ್ನೊಂದು, ರಾತ್ರಿ ಕರೆಂಟ್ ಹೋದರೆ ಹುಚ್ಚು ಹಿಡಿದ ಹಾಗೆ ಪಂಜರದೊಳಗೆ ಬಡಿದುಕೊಳ್ಳುತ್ತೆ.
– ಉದ್ಯೋಗಿ, ಶಕ್ತಿನಗರ, ರಾಯಚೂರು

ಇದು ಆಸ್ಟ್ರೇಲಿಯಾದ ಒಳನಾಡಿನ ಬಯಲ ಹಕ್ಕಿ, ಬಿಸಿಲು ಹೊಸದಲ್ಲ. ಆದರೆ ಅಲ್ಲಿ ಹಾರಿಹೋಗಿ ನೆರಳು, ನೀರು ಹುಡುಕಿಕೊಳ್ಳುತ್ತದೆ. ತಗಡಿನ ಕೆಳಗೆ ನೇತುಹಾಕಿದ ಪಂಜರದಲ್ಲಿ ಎಲ್ಲಿಗೆ ಹೋಗಬೇಕು? ರಾಯಚೂರಲ್ಲಿ 40 ಡಿಗ್ರಿ ದಾಟಿದ ದಿನ ಒಳಕೋಣೆಗೆ ತನ್ನಿ. ಕೂಲರ್ ಕೋಣೆಯಲ್ಲಿರಲಿ, ಗಾಳಿ ನೇರ ಪಂಜರಕ್ಕೆ ಬಡಿಯದಿರಲಿ. ಬೆಳಿಗ್ಗೆ ಸ್ಪ್ರೇ ಬಾಟಲಿಯಿಂದ ತುಂತುರು ನೀರು ಹಾಕಿದರೆ ರೆಕ್ಕೆ ಬಿಚ್ಚಿ ತಲೆಕೆಳಗಾಗಿ ಜೋತು ಮೀಯುತ್ತದೆ. ಕುಡಿಯುವ ನೀರನ್ನು ದಿನಕ್ಕೆ ಮೂರು ಸಲ ಬದಲಿಸಿ. ಬಾಯಿ ತೆರೆದು ಏದುಸಿರು ಬಿಡುತ್ತಾ ರೆಕ್ಕೆಗಳನ್ನು ಮೈಯಿಂದ ದೂರ ಹಿಡಿದಿದ್ದರೆ ಸೆಕೆ ಮಿತಿಮೀರಿದೆ ಅಂತ. ತಕ್ಷಣ ತಂಪು ಜಾಗಕ್ಕೆ ಒಯ್ದು ಕಾಲು ಒದ್ದೆ ಮಾಡಿ. ಐಸ್ ನೀರು ಮಾತ್ರ ಬೇಡ. ಸೊಳ್ಳೆಬತ್ತಿ, ಧೂಪ, ಕಾದು ಹೊಗೆಯಾಡುವ ನಾನ್‌ಸ್ಟಿಕ್ ತವಾ ಮೂರನ್ನೂ ಅದರ ಕೋಣೆಯಿಂದ ದೂರ ಇಡಿ. ನಾನ್‌ಸ್ಟಿಕ್ ಹೊಗೆ ನಿಮಿಷಗಳಲ್ಲಿ ಕೊಲ್ಲುತ್ತದೆ.

ರಾತ್ರಿಯ ಬಡಿದಾಟಕ್ಕೆ ಕಾಕಟೀಲ್ ಹೆಸರುವಾಸಿ. ಹಲ್ಲಿ, ಮಿಂಚು, ಪಟಾಕಿ, ಒಮ್ಮೆಲೇ ಕವಿದ ಕತ್ತಲು, ಯಾವುದಾದರೂ ಸಾಕು. ಕೂತ ಕೋಲು ಕಾಣದೆ ಗಾಬರಿಯಾಗುತ್ತದೆ. ಪಂಜರಕ್ಕೆ ಮೂರು ಬದಿ ಮಾತ್ರ ಬಟ್ಟೆ ಹೊದಿಸಿ. ಕರೆಂಟ್ ಹೋದರೂ ಆರದ, ಚಾರ್ಜ್ ಮಾಡುವ ಸಣ್ಣ ದೀಪವೊಂದನ್ನು ಹತ್ತಿರ ಇಡಿ. ಬಡಿದುಕೊಳ್ಳುವಾಗ ಕೈ ಹಾಕಬೇಡಿ. ದೀಪ ಹಾಕಿ, ದೂರದಿಂದಲೇ ಹೆಸರು ಹಿಡಿದು ಮೆಲ್ಲಗೆ ಮಾತಾಡಿಸಿ. ಶಾಂತವಾದ ಮೇಲೆ ರೆಕ್ಕೆ ನೋಡಿ. ಹೊಸದಾಗಿ ಬರುತ್ತಿರುವ ಗರಿಯೊಳಗೆ ರಕ್ತ ಹರಿಯುತ್ತಿರುತ್ತದೆ, ಅದು ಮುರಿದರೆ ಸೋರುತ್ತಲೇ ಇರುತ್ತದೆ. ಒಂದು ಚಿಟಿಕೆ ಕಾರ್ನ್‌ಫ್ಲೋರ್ ಅಥವಾ ಮೈದಾ ಇಟ್ಟು ಎರಡು ನಿಮಿಷ ಮೆತ್ತಗೆ ಒತ್ತಿ ಹಿಡಿಯಿರಿ. ನಿಲ್ಲದಿದ್ದರೆ ಅದೇ ಹೊತ್ತಿಗೆ ಡಾಕ್ಟರಿಗೆ ಫೋನ್ ಮಾಡಿ.