ರೊಟ್ಟಿ ಬಿಡಬ್ಯಾಡ್ರಿ ಅಕ್ಕಾ

ತೂಕ ಇಳಿಸ್ಲಿಕ್ಕೆ ಜೋಳದ ರೊಟ್ಟಿ ಪೂರಾ ಬಿಡಬೇಕೇನು ಅಂತ ಕೇಳೀರಿ ಅಕ್ಕಾ. ಬ್ಯಾಡ್ರಿ. ನಾನು ಬಿಟ್ಟು ನೋಡೀನಿ. ಎಂಟು ದಿನದಾಗ ಹಸಿವಿ ತಾಳದ ರಾತ್ರಿ ಎದ್ದು ಚುಡವಾ ತಿಂದೆ. ನಾಲ್ಕು ರೊಟ್ಟಿ ಎರಡು ಮಾಡಿ, ಪುಂಡಿಪಲ್ಯ, ತೊಗರಿಬ್ಯಾಳಿ ಹೆಚ್ಚು ಹಾಕ್ಕೊಂಡ ಮ್ಯಾಲೆ ಹೊಟ್ಟಿನೂ ತುಂಬ್ತು, ತೂಕಾನೂ ಇಳೀತು. ಶೇಂಗಾ ಹಿಂಡಿ (ಶೇಂಗಾ ಚಟ್ನಿಪುಡಿ) ಮಾತ್ರ ಚಮಚದಾಗ ಅಳದು ಹಾಕ್ಕೊಳ್ರಿ. 100 ಗ್ರಾಂ ಶೇಂಗಾದಾಗ ಸುಮಾರು 570 ಕ್ಯಾಲೊರಿ, ಅದರ ಮ್ಯಾಲೆ ನಾವು ಎಣ್ಣಿ ಬ್ಯಾರೆ ಸುರೀತೀವಿ!

ನಡಿಗಿ ಮುಂಜಾನೆ ಆರರೊಳಗ ಮುಗಿಸ್ರಿ, ಕಲಬುರಗಿ ಬ್ಯಾಸಗಿ 40 ಡಿಗ್ರಿ ದಾಟ್ತದ. ನಾನು ಓಣಿಯ ಮೂವರು ಗೆಳತಿಯರ ಜೋಡಿ ಅಪ್ಪನ ಕೆರಿ ಸುತ್ತ ನಡೀತೀನಿ. ಹೋಗಲಿಲ್ಲಂದ್ರ ಬಂದು ಬಾಗಲಾ ಬಡೀತಾರ. ವರ್ಷದಾಗ 11 ಕಿಲೊ ಇಳಿದದ್ದು ಅವರಿಂದನ. ನೀವೂ ನಡೀಲಿಕ್ಕೆ ಒಬ್ಬರನ್ನ ಜೋಡಿ ಮಾಡ್ಕೊಳ್ರಿ.

ಶುಗರ್ ಗುಳಿಗಿ ತಗೋತಿದ್ರ, ಊಟ ಕಡಿಮಿ ಮಾಡೂ ಮೊದಲು ಡಾಕ್ಟರಿಗೆ ಕೇಳ್ರಿ.